ಎಂಟು ಲೋಡು, ಒಂದು ಹೊರೆ

ನಾನು ಓದು ನಿಲ್ಲಿಸಿದ್ದು 1982ರಲ್ಲಿ. ಎಂಟನೇ ಕ್ಲಾಸು. ಇಂಗ್ಲಿಷ್ ಪುಸ್ತಕದಲ್ಲಿ ನಾಲ್ಕು ಪಾಠ ಮುಗಿದಿದ್ದವು. ಐದನೆಯ ಪಾಠದಲ್ಲಿ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಎರಡು ವಾರ ಕಳೆದು ಅಪ್ಪನ ಎತ್ತಿನ ಗಾಡಿ ಹತ್ತಿದೆ. ಚಿನಕುರಳಿ ಪಕ್ಕದ ಕ್ವಾರಿಯಿಂದ ಪಾಂಡವಪುರಕ್ಕೆ ಕಲ್ಲು ಸಾಗಿಸುವ ಕೆಲಸ. ಕ್ವಾರಿಯ ಮೇಸ್ತ್ರಿ ಸಿಗರೇಟು ಪ್ಯಾಕಿನ ಒಳಹಾಳೆಯ ಮೇಲೆ ಒಂದು ಚೀಟಿ ಗೀಚಿ ಕೈಗಿಟ್ಟ. ‘ಒಂದು ಲೋಡು’. ಶಾಲೆ ಬಿಟ್ಟ ಮೇಲೆ ನಾನು ಕಲಿತ ಮೊದಲ ಇಂಗ್ಲಿಷ್ ಪದ ಅದು.

ಅವತ್ತಿನಿಂದ ಇವತ್ತಿನವರೆಗೆ ಆ ಒಂದೇ ಪದದಲ್ಲಿ ಅನ್ನ ತಿಂದಿದ್ದೇನೆ. ಗಾಡಿ ಹೋಗಿ ಟ್ರಾಕ್ಟರ್ ಬಂತು. ಟ್ರಾಕ್ಟರಿನ ಪಕ್ಕಕ್ಕೆ ಟಿಪ್ಪರ್ ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ನನ್ನ ಲೋಡು ಬೀಳದ ರಸ್ತೆ ಯಾವುದಾದರೂ ಇದ್ದರೆ ತೋರಿಸಿ. ಕರಿಘಟ್ಟದ ಬುಡದ ತಿರುವಿನಲ್ಲಿ, ಹೊಸಹೊಳಲಿನ ದೇವಸ್ಥಾನದ ದಾರಿಯಲ್ಲಿ ನಿಮ್ಮ ಬಸ್ಸು ಕುಲುಕದೆ ಹೋಯಿತಾ? ಹಾಗಾದರೆ ಕೆಳಗಿರುವುದು ನನ್ನ ಜಲ್ಲಿ. (ಕುಲುಕಿದರೆ ಬೇರೆಯವರದ್ದು.)

ಈ ಅಂಕಣವನ್ನೂ ಬರೆಯುವುದು ಟಿಪ್ಪರಿನ ಕ್ಯಾಬಿನ್ನಿನಲ್ಲೇ, ಕಲ್ಲನ್ನು ಜಲ್ಲಿ ಮಾಡುವ ಕ್ರಷರಿನ ಮುಂದೆ ಸರತಿಯಲ್ಲಿ ನಿಂತಾಗ. ಡ್ಯಾಶ್‌ಬೋರ್ಡಿನ ಮೇಲೆ ಬೈಂಡ್ ಬಿಟ್ಟುಹೋದ ಒಂದು ಇಂಗ್ಲಿಷ್ ಕನ್ನಡ ಡಿಕ್ಷನರಿ ಇದೆ. ಹದಿನೈದು ವರ್ಷದಿಂದ ಅದನ್ನು ಓದುತ್ತಿದ್ದೇನೆ. ಎಲ್ಲ ಪದವನ್ನೂ ನೋಡಿದ್ದೇನೆ ಅಂತ ಜಂಬ ಇತ್ತು. ಆದರೆ ‘ಲೋಡ್’ ಅನ್ನುವುದನ್ನು ಮಾತ್ರ ಒಂದು ದಿನವೂ ತೆಗೆದು ನೋಡಿರಲಿಲ್ಲ. ಗೊತ್ತಿರುವ ಪದವನ್ನು ಯಾರು ನೋಡುತ್ತಾರೆ?

ಎರಡು ವಾರದ ಹಿಂದೆ ನೋಡಿದೆ. ಹೊರೆ, ಹೇರು, ಭಾರ, ಹೊಣೆ, ಮನಸ್ಸಿನ ಭಾರ, ತುಂಬು, ಕೋವಿಗೆ ಮದ್ದು ತುಂಬು. ಸುಮಾರು ಅರ್ಧ ಪುಟ. ಓದಿ ಮುಚ್ಚಿಟ್ಟೆ. ಯಾಕೆ ತೆಗೆದೆ ಅನ್ನುವುದಕ್ಕೆ ಬರುತ್ತೇನೆ.

ಮೊದಲು ಈ ಪದ ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ. ಕ್ರಷರಿನಲ್ಲಿ ಲೋಡು ಅಂದರೆ ಜಲ್ಲಿ. ಕರೆಂಟಿನವರಿಗೆ ಲೋಡು ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಲು ಕಾರಣ. ನಮ್ಮ ಸೊಸೆಗೆ ಲೋಡು ಅಂದರೆ ವಾಷಿಂಗ್ ಮಷೀನಿಗೆ ಹಾಕುವ ಬಟ್ಟೆ. ಮೇಷ್ಟರಿಗೆ ಲೋಡು ಅಂದರೆ ವಾರಕ್ಕೆ ಎಷ್ಟು ಪೀರಿಯಡ್ಡು ಅನ್ನುವ ಲೆಕ್ಕ. ಬಾರಿನ ಗೋಡೆ ಹಿಡಿದು ನಿಂತವನನ್ನು ನೋಡಿ ‘ಫುಲ್ ಲೋಡ್ ಆಗವ್ನೆ’ ಅನ್ನುತ್ತಾರೆ. ಪಾಪ, ಅವನ ಹೆಂಡತಿ ಬಿಟ್ಟು ಹೋಗಿದ್ದರೆ, ಜೊತೆಗಾರ ಅವನ ಬೆನ್ನು ತಟ್ಟಿ ಸಮಾಧಾನ ಹೇಳುತ್ತಾನೆ: ‘ಲೋಡ್ ತಕಬ್ಯಾಡ ಬುಡು ಮಗಾ.’

ಕ್ರಷರಿನಲ್ಲಿ ಪರ್ಮಿಟ್ ತೆಗೆಯುವ ಕಂಪ್ಯೂಟರಿನ ಮುಂದೆ ಎರಡು ತಿಂಗಳ ಹಿಂದೆ ಒಂದು ಗಂಟೆ ನಿಂತೆ.

‘ಯಾಕಪ್ಪಾ, ಇನ್ನೂ ಲೋಡ್ ಆಗ್ಲಿಲ್ವಾ?’

‘ಪೇಜು ಲೋಡ್ ಆಗ್ತಿಲ್ಲ ಕಣಣ್ಣ. ಅದು ಲೋಡ್ ಆದ್ರೆ ನಿಮ್ದು ಲೋಡ್ ಆಯ್ತದೆ.’

ನಾನೂ ನಕ್ಕೆ. ಆಗಿನ್ನೂ ನಗಬಹುದಾಗಿತ್ತು.

ನಮ್ಮ ಮನೆಯಲ್ಲಿ ಈ ಪದವನ್ನು ಕಂಡರಾಗದವರು ಒಬ್ಬರೇ. ಅವ್ವ. ಎಂಬತ್ತೆರಡು ವರ್ಷ. ಕಿವಿ ಚುರುಕು, ನಾಲಗೆ ಇನ್ನೂ ಚುರುಕು, ಮಂಡಿ ಮಾತ್ರ ಕೈಕೊಟ್ಟಿದೆ. ಡಾಕ್ಟರು ‘ಹಾರ್ಟ್ ಮೇಲೆ ಲೋಡ್ ಜಾಸ್ತಿ ಆಗಿದೆ’ ಅಂದಾಗ ನನ್ನ ಕಡೆ ತಿರುಗಿ, ‘ನಿನ್ನ ಟಿಪ್ರು ಇಲ್ಲಿಗೂ ಬಂದ್ಬುಡ್ತಾ?’ ಅಂದಳು.

ಒಂದು ಬೆಳಗ್ಗೆ ಜಗಲಿಯಲ್ಲಿ ಕೂತು ನಾನು ಫೋನಿನಲ್ಲಿ ಲೆಕ್ಕ ಹೇಳುತ್ತಿದ್ದೆ. ನಾಗಮಂಗಲಕ್ಕೆ ಮೂರು ಲೋಡು, ಕೆ.ಆರ್. ಪೇಟೆಗೆ ಐದು ಲೋಡು. ಅವ್ವ ರಾಗಿ ಹಸನು ಮಾಡುತ್ತಿದ್ದಳು.

‘ಏನ್ಲಾ ಅದು, ಒತ್ತಾರೆಯಿಂದ ಲೋಡು ಲೋಡು ಅಂತ ಬಡ್ಕತೀಯ? ಲೋಡು ಅಂದ್ರೆ ಎಷ್ಟು?’

‘ಲೋಡು ಅಂದ್ರೆ, ಒಂದು ಗಾಡಿ ತುಂಬ ಕಣವ್ವ.’

‘ಗಾಡಿ ತುಂಬಿದ್ರೆ ಅದು ಏರು. ತಲೆ ಮ್ಯಾಲಿದ್ರೆ ಒರೆ. ಬೆನ್ನ ಮ್ಯಾಲಿದ್ರೆ ಮೂಟೆ. ಕಂಕುಳಲ್ಲಿದ್ರೆ ಗಂಟು. ಎಗಲ ಮ್ಯಾಲೆ ಎಲ್ಡು ಕಡೀಕೂ ತೂಗಾಡುದ್ರೆ ಅಡ್ಡೆ. ಎಲ್ಲಾನೂ ತಕಂಡೋಗಿ ಒಂದೇ ಗುಂಡಿಗೆ ಸುರುದ್ಬುಟ್ರಲ್ಲೋ!’

ಡಿಕ್ಷನರಿಯ ಅರ್ಧ ಪುಟ ಅವ್ವನ ಬಾಯಲ್ಲಿ ಅರ್ಧ ನಿಮಿಷ. ಅವಳು ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಯೋಚನೆ ಮಾಡಿ ನೋಡಿದೆ. ಹೊರೆ, ಹೇರು, ಮೂಟೆ, ಅಡ್ಡೆ, ಒಂದೊಂದು ಪದದಲ್ಲೂ ಅದನ್ನು ಹೊತ್ತವರು ಇದ್ದಾರೆ. ಹೊರೆ ಅಂದ ತಕ್ಷಣ ಒಂದು ಕತ್ತು ಕಾಣುತ್ತದೆ. ಮೂಟೆ ಅಂದರೆ ಬಗ್ಗಿದ ಬೆನ್ನು. ಲೋಡು ಅಂದರೆ? ಯಾರೂ ಕಾಣುವುದಿಲ್ಲ. ಚೀಟಿ ಕಾಣುತ್ತದೆ.

ಆದರೆ ಅವ್ವ ಅವತ್ತು ಹೇಳಿದ ಪಟ್ಟಿಯಲ್ಲಿ ಒಂದು ಹೊರೆಯ ಹೆಸರು ಇರಲಿಲ್ಲ. ಹೊಟ್ಟೆಯಲ್ಲಿ ಹೊರುವುದು. ಅದನ್ನು ಅವಳು ಹೇಳುವುದಿಲ್ಲ. ನಾನೂ ಕೇಳುವುದಿಲ್ಲ. 1982ರಿಂದ ನಮ್ಮ ಮನೆಯ ರೂಢಿ ಅದು.

ಹೇಳಿಬಿಡುತ್ತೇನೆ. ನನಗೆ ಒಬ್ಬಳು ಅಕ್ಕ ಇದ್ದಳು. ಜಯಮ್ಮ. ನನಗಿಂತ ಆರು ವರ್ಷ ದೊಡ್ಡವಳು. ಹೊಸಹೊಳಲಿನಿಂದ ಆಚೆಗೆ ಒಂದು ಊರಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು. ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ನೋವು ಕಾಣಿಸಿತು, ಜೊತೆಗೆ ಮೈ ಅದುರತೊಡಗಿತು. ಅಪ್ಪ ಗಾಡಿ ಕಟ್ಟಿದ. ಹುಲ್ಲು ಹಾಸಿ ಮಲಗಿಸಿದರು. ಅವಳ ತಲೆ ಅವ್ವನ ತೊಡೆಯ ಮೇಲೆ. ನಾನು ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದೆ. ಪಾಂಡವಪುರದ ಆಸ್ಪತ್ರೆಗೆ ಎರಡು ಗಂಟೆ ದಾರಿ. ಆಗ ಅದು ಮಣ್ಣಿನ ರಸ್ತೆ, ಚಕ್ರದ ಅರ್ಧ ಹೂತುಹೋಗುವಂಥ ಕೊರಕಲು.

ನಾಲೆಯ ಸೇತುವೆ ದಾಟಿದ ಮೇಲೆ ಅಕ್ಕ ಕಣ್ಣು ಬಿಟ್ಟಳು.

‘ಅಪ್ಪಾ, ಒಸಿ ಇಳಿಸಪ್ಪ’ ಅಂದಳು.

ಗಾಡಿಯ ಕುಲುಕಾಟ ತಡೆಯಲಾಗುತ್ತಿರಲಿಲ್ಲ ಅವಳಿಗೆ. ಒಂದು ಗಳಿಗೆ ನೆಲಕ್ಕೆ ಇಳಿಸು ಅಂತ ಕೇಳಿದಳು. ಹೊತ್ತಾಗುತ್ತದೆ ಅಂತ ಅಪ್ಪ ನಿಲ್ಲಿಸಲಿಲ್ಲ. ಎತ್ತಿಗೆ ಎರಡು ಬಾರಿಸಿದ. ಮುಂದಿನ ಆಲದ ಮರದ ಹತ್ತಿರ ಬರುವಾಗ ಅವ್ವ ಕೂಗಿಕೊಂಡಳು. ಆಮೇಲೆ ಇಳಿಸಿದರು. ಆಮೇಲೆ ಇಳಿಸಿ ಏನು ಪ್ರಯೋಜನ?

ನಮ್ಮ ಕಡೆ ಹೀಗೆ ಹೆರದೆ ಹೋದವಳಿಗೆ ದಾರಿಯ ಪಕ್ಕದಲ್ಲಿ ಹೊರೆಗಲ್ಲು ನೆಡುತ್ತಿದ್ದರು. ಎರಡು ಕಂಬ, ಮೇಲೊಂದು ಅಡ್ಡಗಲ್ಲು. ಭುಜದಷ್ಟು ಎತ್ತರ. ತಲೆ ಮೇಲೆ ಹೊರೆ ಹೊತ್ತು ಬಂದವರು ಬಗ್ಗದೆ, ಇನ್ನೊಬ್ಬರನ್ನು ಕರೆಯದೆ, ಹೊರೆಯನ್ನು ಅದರ ಮೇಲೆ ಜಾರಿಸಿ ಉಸಿರು ತೆಗೆದುಕೊಳ್ಳಬಹುದು. ಹಾಗೇ ತಲೆ ಕೊಟ್ಟು ಮತ್ತೆ ಎತ್ತಿಕೊಳ್ಳಬಹುದು. ಹೋದವಳು ಇನ್ನೂ ಹೊತ್ತುಕೊಂಡೇ ಇರುತ್ತಾಳೆ ಅಂತ ಹಿರಿಯರ ನಂಬಿಕೆ. ದಾರಿಹೋಕರು ಒಂದೊಂದು ಹೊರೆ ಇಳಿಸಿದಾಗಲೂ ಅವಳದ್ದೂ ಒಂದು ಚೂರು ಇಳಿಯುತ್ತದಂತೆ.

ನಾನು ನಂಬುತ್ತೇನೆಯೇ ಅಂತ ಕೇಳಬೇಡಿ. ಅವ್ವ ನಂಬುತ್ತಾಳೆ.

ಅಪ್ಪ ಕ್ವಾರಿಯಲ್ಲಿ ತಾನೇ ಮೂರು ಕಲ್ಲು ಸೀಳಿದ. ತಾನೇ ಕೆತ್ತಿದ. ಆಲದ ಮರದ ಹತ್ತಿರವಲ್ಲ, ಅಕ್ಕ ‘ಇಳಿಸು’ ಅಂದ ಜಾಗದಲ್ಲಿ, ಸೇತುವೆಯ ಆಚೆಗೆ ನೆಟ್ಟ. ನೆಟ್ಟು ಮನೆಗೆ ಬಂದವನು ಮತ್ತೆ ಆ ಜಾಗ ದಾಟಿ ಗಾಡಿ ಹೊಡೆಯಲಿಲ್ಲ. ಸಾಯುವವರೆಗೂ ಹೊಡೆಯಲಿಲ್ಲ. ಗದ್ದೆ ಇದ್ದದ್ದು ಅಂಗೈಯಗಲ, ಮನೆ ನಡೆಯುತ್ತಿದ್ದದ್ದು ಗಾಡಿಯಿಂದ. ಗಾಡಿ ಹೊಡೆಯುವವರು ಬೇಕಲ್ಲ? ಐದನೇ ಪಾಠ ನನಗೆ ಸಿಗದೇ ಹೋದದ್ದು ಹೀಗೆ.

ಮೊದಮೊದಲು ಕಲ್ಲಿಗೆ ಬಿಡುವೇ ಇರಲಿಲ್ಲ. ಹುಲ್ಲಿನ ಹೊರೆಯ ಹೆಂಗಸರು, ಸೌದೆಯವರು, ಪಾಂಡವಪುರದ ಸಂತೆಗೆ ಸೊಪ್ಪು ಒಯ್ಯುವವರು. ಅವ್ವ ಕೆಲಸ ಮುಗಿಸಿ ಆಲದ ಮರದಡಿ ಹೋಗಿ ಕೂತು ನೋಡುತ್ತಿದ್ದಳು. ಸಂಜೆ ಬಂದು ಅಪ್ಪನಿಗೆ ಹೇಳುತ್ತಿದ್ದಳು, ‘ಇವತ್ತು ಒಂಬತ್ತು ಜನ ಇಳಿಸುದ್ರು.’ ಅಪ್ಪ ‘ಹೂಂ’ ಅನ್ನುತ್ತಿದ್ದ. ಅವರಿಬ್ಬರೂ ಅಕ್ಕನ ಬಗ್ಗೆ ಮಾತಾಡುತ್ತಿದ್ದದ್ದು ಅಷ್ಟೇ.

ಒಂಬತ್ತು ಐದಾಯಿತು. ಐದು ಎರಡಾಯಿತು. ಸಂತೆಗೆ ಆಟೋ ಬಂತು. ಸೌದೆಯ ಜಾಗಕ್ಕೆ ಗ್ಯಾಸ್ ಬಂತು. ಹುಲ್ಲಿನ ಹೊರೆ ಮೊಪೆಡ್ಡಿನ ಹಿಂದೆ ಕೂತಿತು. ಕೊನೆಗೆ ವರ್ಷಕ್ಕೊಂದೇ ಹೊರೆ, ಅವ್ವನದು. ಮಹಾಲಯ ಅಮಾವಾಸ್ಯೆಯ ದಿನ ಒಂದು ಹಸಿ ಹುಲ್ಲಿನ ಹೊರೆ ಕಟ್ಟಿ, ತಲೆ ಮೇಲಿಟ್ಟುಕೊಂಡು ಊರಿನಿಂದ ನಡೆದು ಹೋಗಿ ಅಲ್ಲಿ ಇಳಿಸುತ್ತಾಳೆ. ಕಲ್ಲಿಗೆ ಅರಿಶಿನ ಹಚ್ಚುತ್ತಾಳೆ. ಸ್ವಲ್ಪ ಹೊತ್ತು ಕೂತು, ಹೊರೆ ಹೊತ್ತು ವಾಪಸ್ ಬಂದು ಹಸುವಿಗೆ ಹಾಕುತ್ತಾಳೆ. ನಡೆಯಲಾಗದ ಮೇಲೆ ನಾನು ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಹೊರೆ ಚಿಕ್ಕದಾಗಿದೆ, ಮಗುವಿನಷ್ಟು. ವ್ಯಾನಿನಿಂದ ಕಲ್ಲಿನವರೆಗೆ ಹತ್ತು ಹೆಜ್ಜೆ ಮಾತ್ರ ತಲೆ ಮೇಲೆ.

ಒಂದು ವಿಷಯ ನನಗೆ ಬಹಳ ವರ್ಷ ಅರ್ಥ ಆಗಿರಲಿಲ್ಲ. ಅಪ್ಪ ನೆಟ್ಟಾಗ ಅಡ್ಡಗಲ್ಲು ನನ್ನ ತಲೆಗಿಂತ ಮೇಲಿತ್ತು. ಮದುವೆಯಾದಾಗ ಎದೆಯ ಮಟ್ಟಕ್ಕೆ. ಮಗ ಹುಟ್ಟಿದಾಗ ಸೊಂಟದ ಮಟ್ಟಕ್ಕೆ. ಈಚೆಗೆ ಮಂಡಿಯ ಮಟ್ಟಕ್ಕೆ ಬಂದಿತ್ತು. ಅವ್ವ ಹೊರೆ ಇಳಿಸಬೇಕಾದರೆ ಕುಕ್ಕರುಗಾಲಲ್ಲಿ ಕೂರಬೇಕಿತ್ತು. ನಾನು ಬೆಳೆದೆ, ಅವ್ವ ಬಾಗಿದಳು, ಅದಕ್ಕೇ ಹೀಗೆ ಅಂದುಕೊಂಡಿದ್ದೆ.

ಮದುವೆಯಾದ ಮೇಲೂ ಯಾವನಾದರೂ ಬೆಳೆಯುತ್ತಾನಾ? ಬೆಳೆದದ್ದು ರಸ್ತೆ.

ಮಣ್ಣಿನ ರಸ್ತೆಗೆ ಮೊದಲು ಗ್ರಾವೆಲ್ ಬಿತ್ತು. ಅದರ ಮೇಲೆ ದಪ್ಪ ಜಲ್ಲಿ. ಅದರ ಮೇಲೆ ಟಾರು. ಐದಾರು ವರ್ಷಕ್ಕೊಮ್ಮೆ ಮತ್ತೆ ಜಲ್ಲಿ, ಮತ್ತೆ ಟಾರು. ಅಂಚಿಗೆ ಮಣ್ಣು. ಒಂದೊಂದು ಸಲಕ್ಕೂ ಒಂದೊಂದು ಗೇಣು. ಆ ಗೇಣುಗಳನ್ನು ತಂದು ಸುರಿದವನು ಯಾರು? ನಾನೇ. ಮೊದಲು ಗಾಡಿಯಲ್ಲಿ, ಆಮೇಲೆ ಟ್ರಾಕ್ಟರಿನಲ್ಲಿ, ಆಮೇಲೆ ಟಿಪ್ಪರಿನಲ್ಲಿ. ‘ನಮ್ಮೂರ ರಸ್ತೆ ಕಣ್ರಯ್ಯಾ, ಒಂದು ಲೋಡು ಜಾಸ್ತೀನೇ ಬೀಳ್ಲಿ’ ಅಂತ ಹೆಮ್ಮೆಯಿಂದ ಸುರಿದಿದ್ದೇನೆ.

ಈಗ ಈ ವರ್ಷದ ವಿಷಯಕ್ಕೆ ಬರುತ್ತೇನೆ.

ಆ ರಸ್ತೆ ಅಗಲ ಮಾಡುವ ಕೆಲಸ ಬಂತು. ಸೇತುವೆಯಿಂದ ಆಲದ ಮರದವರೆಗೆ ಅಂಚು ಬಗೆದು, ಬಂದದ್ದನ್ನು ಸಾಗಿಸುವ ಕೆಲಸ ನನಗೆ ಸಿಕ್ಕಿತು. (ಆಲದ ಮರ ಮೊದಲೇ ಹೋಗಿತ್ತು. ಹೆಸರು ಉಳಿದಿದೆ.) ಅಮಾವಾಸ್ಯೆಗೆ ಇನ್ನೂ ಮೂರು ವಾರ ಇತ್ತು. ಜೆಸಿಬಿ ಬರುವ ದಿನ ನಾನೇ ನಿಂತು, ಮೂರೂ ಕಲ್ಲನ್ನು ಹುಷಾರಾಗಿ ಕೀಳಿಸಿ, ಹೊಸ ಅಂಚಿನ ಆಚೆಗೆ ನೆಡಿಸಬೇಕು ಅಂತ ತೀರ್ಮಾನ ಮಾಡಿದ್ದೆ.

ಅವತ್ತೇ ನಾಗಮಂಗಲದ ಕಡೆಯ ಕೆಲಸದಲ್ಲಿ ನನ್ನ ಟಿಪ್ಪರಿನ ಆಕ್ಸೆಲ್ ಮುರಿಯಿತು. ಅಲ್ಲೇ ನಿಂತೆ. ಬೆಳಗ್ಗೆ ಹತ್ತಕ್ಕೆ ಚಂದ್ರು ಫೋನ್ ಮಾಡಿದ. ನನ್ನ ಇನ್ನೊಂದು ಟಿಪ್ಪರಿನ ಡ್ರೈವರ್ ಅವನು. ಹನ್ನೊಂದು ವರ್ಷದಿಂದ ಇದ್ದಾನೆ, ಪ್ರಾಮಾಣಿಕ.

‘ಅಣ್ಣಾ, ಜೆಸಿಬಿ ಬಂದದೆ. ಸುರು ಮಾಡ್ಸನಾ?’

‘ಮಾಡ್ಸು. ಆದ್ರೆ ಸೇತುವೆ ತಾವ ಒಂದು ಕಲ್ಲದೆ ನೋಡು.’

‘ಯಾವ್ ಕಲ್ಲಣ್ಣ? ಇಲ್ಲಿರಾದೆಲ್ಲ ಕಲ್ಲೇ.’

ಇಲ್ಲಿ ಒಂದು ಮಾತು ಹೇಳಬೇಕಿತ್ತು. ನನ್ನ ಅಕ್ಕನ ಕಲ್ಲು ಅಂತ. ಹನ್ನೊಂದು ವರ್ಷ ಜೊತೆಗೆ ಊಟ ಮಾಡಿದ ಚಂದ್ರುವಿಗೆ ನನಗೊಬ್ಬಳು ಅಕ್ಕ ಇದ್ದಳು ಅನ್ನುವುದೇ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ಮುರಿದ ಆಕ್ಸೆಲ್ ಮುಂದೆ, ನಾಲ್ಕು ಜನ ಮೆಕ್ಯಾನಿಕ್ಕುಗಳ ಮಧ್ಯೆ, ಫೋನಿನಲ್ಲಿ ಹೇಳುವುದಾ? ಓನರ್ ಅಲ್ಲವಾ ನಾನು?

‘ಸರಿ ಬುಡು, ಮದ್ಯಾನ್ಕೆ ನಾನೇ ಬತ್ತೀನಿ’ ಅಂದೆ.

ಹೋಗಲಿಲ್ಲ. ಆಕ್ಸೆಲ್ ಬರಲಿಲ್ಲ, ನಾನು ಅಲ್ಲಿಂದ ಹೊರಡಲಿಲ್ಲ. ಸಂಜೆ ಚಂದ್ರು ಮತ್ತೆ ಫೋನ್ ಮಾಡಿ, ‘ಅಣ್ಣಾ, ಪೂರಾ ಕ್ಲಿಯರ್. ಎಂಟು ಲೋಡು!’ ಅಂದ.

‘ಶಹಬ್ಬಾಸ್ ಕಣ್ಲಾ’ ಅಂದೆ.

ಓದುಗರೇ, ಶಹಬ್ಬಾಸ್ ಅಂದೆ. ಕಲ್ಲಿನ ನೆನಪಾಗಲಿಲ್ಲವಾ? ಆಯಿತು. ಕಲ್ಲು ಕಾಣುವಂತೆ ನಿಂತಿದೆ, ಬಿಟ್ಟಿರುತ್ತಾನೆ ಅಂದುಕೊಂಡೆ. ಅದು ಮಂಡಿಯೆತ್ತರಕ್ಕೆ ಬಂದು, ಮೇಲೆ ಲಂಟಾನ ಬೆಳೆದು ಮುಚ್ಚಿಹೋಗಿರುವುದನ್ನು ನೋಡಿದವನೂ ನಾನೇ. ಆದರೂ ನನ್ನ ತಲೆಯೊಳಗೆ ಅದು ಇನ್ನೂ ಅಪ್ಪ ನೆಟ್ಟ ಎತ್ತರಕ್ಕೇ ನಿಂತಿತ್ತು. ಮಾರನೆಯ ದಿನವೂ ಹೋಗಿ ನೋಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹೋಗುವುದಕ್ಕೆ ಹೆದರಿದೆ ಅಂತ ಈಗ ಅನ್ನಿಸುತ್ತದೆ.

ಅಮಾವಾಸ್ಯೆ ಬಂತು. ಅವ್ವ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹುಲ್ಲಿನ ಹೊರೆ ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಕೂತಳು. ಸೇತುವೆ ಹತ್ತಿರ ಬಂತು. ರಸ್ತೆ ಅಗಲವಾಗಿ, ಕಪ್ಪಗೆ, ಚೆನ್ನಾಗಿತ್ತು. ಅಂಚಿನಲ್ಲಿ ಸಿಮೆಂಟಿನ ಚರಂಡಿ. ಅದರಾಚೆ ತಂತಿ ಬೇಲಿ. ಕಲ್ಲು ಇರಲಿಲ್ಲ. ನಾನು ನಿಲ್ಲಿಸಲಿಲ್ಲ. ಮುಂದಕ್ಕೆ ಹೋದೆ.

‘ಕಲ್ಲಿನ್ ಜಾಗ ದಾಟ್ಬುಟ್ಟೆ ಕಣ್ಲಾ’ ಅಂದಳು ಅವ್ವ.

‘ಒಸಿ ಮುಂದಕ್ಕೆ ನೆಟ್ಟವ್ರೆ ಕಣವ್ವ.’

‘ಎಲ್ಲಿ?’

‘ಮುಂದಕ್ಕೆ.’

ಆಲದ ಮರದ ಜಾಗವೂ ಕಳೆಯಿತು. ಅವ್ವ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

‘ನಿಮ್ಮಪ್ಪನೂ ಅವತ್ತು ಇಂಗೇ ನಿಲ್ಲುಸ್ನಿಲ್ಲ’ ಅಂದಳು. ‘ತಿರುಗ್ಸು ಗಾಡಿಯ.’

ತಿರುಗಿಸಿದೆ. ಮನೆ ಮುಟ್ಟಿದೆವು. ಅವ್ವ ಇಳಿಯುವಾಗ ಹೊರೆ ತೆಗೆದುಕೊಳ್ಳಲು ಸೊಸೆ ಕೈ ಚಾಚಿದಳು. ಕೊಡಲಿಲ್ಲ. ತನ್ನ ಮಂಚದ ಮೇಲೆ, ಗೋಡೆಯ ಕಡೆ ಇಟ್ಟುಕೊಂಡಳು.

‘ಹಸುಗಾದ್ರೂ ಹಾಕನ ಕೊಡವ್ವ’ ಅಂದೆ.

‘ಇಳಿಸ್ದೆ ಎಂಗ್ಲಾ ಹಾಕ್ಲಿ?’

ಮಾರನೆಯ ಬೆಳಗ್ಗೆ ಚಂದ್ರುವನ್ನು ಕೂರಿಸಿಕೊಂಡು ಕೇಳಿದೆ. ಅಕ್ಕನ ವಿಷಯ ಮೊದಲ ಸಲ ಒಬ್ಬ ಹೊರಗಿನವನಿಗೆ ಹೇಳಿದೆ. ಅವನು ನಡೆದದ್ದನ್ನು ಹೇಳಿದ. ಮೂರು ಕಲ್ಲಿನಲ್ಲಿ ಎರಡು ಉದ್ದನೆಯವನ್ನು ಜೆಸಿಬಿಯ ಸಲೀಂ ಪಕ್ಕಕ್ಕೆ ಹಾಕಿದ್ದನಂತೆ. ಅಡ್ಡಗಲ್ಲು ಅದಕ್ಕೂ ಮೊದಲೇ ಚಂದ್ರುವಿನ ಎರಡನೇ ಲೋಡಿನಲ್ಲಿ ಕ್ರಷರಿಗೆ ಹೋಗಿತ್ತು. ಚಪ್ಪಟೆ, ಒಳ್ಳೆಯ ಸೈಜು.

ಸಲೀಂ ಶ್ರೀರಂಗಪಟ್ಟಣದವನು. ಗಂಜಾಮಿನ ಅವನ ಮನೆಗೆ ಹೋದೆ. ಹಿತ್ತಲಿನ ಗೋಡೆಗೆ ಎರಡು ಕಂಬ ಒರಗಿಸಿಟ್ಟಿದ್ದ, ಕೆಳಗೆ ಇಟ್ಟಿಗೆ ಕೊಟ್ಟು.

‘ಹಲ್ದಿ ಇತ್ತು ಭಾಯ್, ಅರಿಶಿನ. ಯಾರ್ದೋ ಏನೋ ಐತೆ ಅನ್ಸ್ತು. ಬಕೆಟ್‌ನಲ್ಲಿ ಒಡಿಯೋಕೆ ದಿಲ್ ಆಗ್ಲಿಲ್ಲ. ಕೇಳ್ಕೊಂಡು ಬರ್ತಾರೆ ಅಂತ ಇಟ್ಟೆ.’

‘ಮೇಲಿನ್ ಕಲ್ಲು?’

‘ಅದು ಮೊದ್ಲೇ ಮಣ್ಣಲ್ಲಿ ಎದ್ದು ಬಂತು ಭಾಯ್. ಕಂಬ ಕಂಡಿದ್ದೇ ಆಮೇಲೆ. ಮಾಫ್ ಮಾಡಿ.’

ಅವನು ಯಾಕೆ ಕ್ಷಮೆ ಕೇಳಬೇಕು? ಯಾರೋ ಗೊತ್ತಿಲ್ಲದವಳ ಕಂಬವನ್ನು ಮೂರು ವಾರ ಕಾದುಕೊಂಡಿದ್ದಾನೆ.

ಅಲ್ಲಿಂದ ಕ್ರಷರಿಗೆ ಹೋದೆ. ಗಾಡಿ ತೂಗುವ ವೇಬ್ರಿಡ್ಜಿನ ರೈಟರ್ ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವನು. ವಿಷಯ ಕೇಳಿ ಮೊದಲು ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ. ಬೂದು ಬೆಟ್ಟದಂತೆ ನಿಂತ ಜಲ್ಲಿಯ ರಾಶಿಯ ಕಡೆ ಕೈ ತೋರಿಸಿದ.

‘ಕಲ್ಲು ಎಲ್ಲಿ ಅಂತ ಏಳ್ಲಣ್ಣ? ಅದು ಅವತ್ತೇ ನಲವತ್ತು ಎಮ್ಮೆಮ್ ಜಲ್ಲಿ ಆಗೋಯ್ತು.’

‘ಆ ರಾಶಿ ಇನ್ನೂ ಅದೆಯಾ?’

ರಿಜಿಸ್ಟರ್ ತಿರುವಿದ. ಬೆರಳು ಒಂದು ಸಾಲಿನ ಮೇಲೆ ನಿಂತಿತು.

‘ಅದು ಸೇತುವೆ ರಸ್ತೆಗೇ ವಾಪಸ್ ಓಯ್ತು ಕಣಣ್ಣ. ಮಂಗಳವಾರ, ನಾಕು ಲೋಡು. ನಿಮ್ಮ ಗಾಡೀಲೇ. ನೀವೇ ಬಂದಿದ್ರಿ.’

ಹೌದು. ನಾನೇ ಬಂದಿದ್ದೆ. ಆಕ್ಸೆಲ್ ರಿಪೇರಿಯಾಗಿ ಬಂದ ಮಾರನೆಯ ದಿನ. ನಾಲ್ಕೂ ಲೋಡನ್ನು ನಾನೇ ತುಂಬಿಸಿ, ನಾನೇ ಓಡಿಸಿ, ನಾನೇ ಸುರಿದೆ. ರಸ್ತೆಯ ಅಂಚನ್ನು ನೋಡಬಾರದು ಅಂತ ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಸುರಿದೆ.

ಎರಡು ಕಂಬಗಳನ್ನು ಮನೆಗೆ ತಂದೆ. ಅಂಗಳದಲ್ಲಿ ಮಲಗಿಸಿದೆ. ಚಂದ್ರುವೂ ಜೊತೆಗೆ ಬಂದ. ಬಾಗಿಲ ಹತ್ತಿರ ತಲೆ ಬಗ್ಗಿಸಿ ನಿಂತು, ‘ತಪ್ಪಾಗೋಯ್ತು ಕಣಜ್ಜಿ’ ಅಂದ.

ಅವ್ವ ಅವನ ಕೈ ಹಿಡಿದುಕೊಂಡಳು. ‘ನಿಂದೇನ್ ತಪ್ಪು ಮಗ? ಕಲ್ಲಿಗೆ ಬಾಯಿತ್ತಾ? ಬಾಯಿರೋನು ಏಳ್ಬೇಕಾಗಿತ್ತು.’

ನನ್ನ ಕಡೆ ನೋಡಲೂ ಇಲ್ಲ.

ಏನಾದರೂ ಹೇಳಬೇಕಲ್ಲ. ಡಿಕ್ಷನರಿ ತೆಗೆದದ್ದು ಆಗ. ಅದರಲ್ಲಿ ಏನು ಸಿಗುತ್ತದೆ ಅಂತ ಹುಡುಕಿದೆನೋ ಗೊತ್ತಿಲ್ಲ. ಕ್ಯಾಬಿನ್ನಿನಲ್ಲಿ ಕೂತು ಯೋಚಿಸಿ, ಒಂದು ಸಮಾಧಾನ ಜೋಡಿಸಿಕೊಂಡು ಬಂದೆ. ಅವ್ವನ ಮಂಚದ ಪಕ್ಕ ಕೂತೆ.

‘ಅವ್ವ, ಕಲ್ಲು ಎಲ್ಲೂ ಹೋಗಿಲ್ಲ. ಅದೇ ರಸ್ತೆ ಒಳಗೇ ಅದೆ. ದಿನಾ ನೂರಾರು ಲೋಡು ಅದರ ಮ್ಯಾಲೇ ಹೋಯ್ತವೆ. ಮೊದ್ಲು ಒಂಬತ್ತು ಜನ ಅಂತಿದ್ದೆಲ್ಲ, ಈಗ ಲೆಕ್ಕಾನೇ ಇಲ್ಲ.’

ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿತ್ತು.

‘ಓಯ್ತವೆ ಕಣಪ್ಪ’ ಅಂದಳು. ‘ಇಳೀತವಾ?’

ನಲವತ್ತು ವರ್ಷ ಲೋಡು ಹೊಡೆದವನಿಗೆ ‘ಅನ್‌ಲೋಡ್’ ಗೊತ್ತು. ಲಿವರ್ ಎಳೆದರೆ ಟಿಪ್ಪರಿನ ಬೆನ್ನು ಏಳುತ್ತದೆ, ಎಲ್ಲ ದಬದಬ ಬೀಳುತ್ತದೆ, ಧೂಳು ಅಡಗುವ ಮೊದಲೇ ಗಾಡಿ ಹೊರಡುತ್ತದೆ. ಇಳಿಸುವುದು ಅದಲ್ಲ. ಇಳಿಸಬೇಕಾದರೆ ನಿಲ್ಲಬೇಕು. ಕೆಳಗಿನಿಂದ ಯಾರಾದರೂ ಕೈ ಕೊಡಬೇಕು. ಕೈ ಕೊಡುವವರು ಇಲ್ಲದಿದ್ದರೆ ಕಲ್ಲಾದರೂ ಇರಬೇಕು.

ಹೊಸ ಅಡ್ಡಗಲ್ಲು ತರುವುದು ನನಗೆ ಕಷ್ಟವಾ? ಕಲ್ಲಿನಲ್ಲೇ ಬದುಕಿದವನು. ನಾಳೆ ಬೆಳಗ್ಗೆಯೇ ತರಬಲ್ಲೆ. ನೆಡುವುದು ಎಲ್ಲಿ? ಸೇತುವೆಯ ಹತ್ತಿರ ಎಂಜಿನಿಯರ್ ಬಿಡುವುದಿಲ್ಲ. ಬೇಲಿಯಾಚೆಯದು ಯಾರದೋ ಲೇಔಟ್. ನಮ್ಮ ಗದ್ದೆಯಲ್ಲೇ ನೆಡೋಣ ಅಂದೆ. ‘ಗದ್ದೇಲಿ ಯಾರ್ಲಾ ಇಳಿಸ್ತಾರೆ? ದಾರೀಲಿ ಇರ್ಬೇಕು. ಒತ್ಕಂಡೋಗೋ ದಾರೀಲಿ’ ಅಂದಳು.

ಎರಡು ವಾರದಿಂದ ಆ ದಾರಿ ಹುಡುಕುತ್ತಿದ್ದೇನೆ. ಲೋಡು ತುಂಬಿಕೊಂಡು ಹೋಗುವಾಗ ಬಲಕ್ಕೆ ಎಡಕ್ಕೆ ನೋಡುತ್ತಾ ಹೋಗುತ್ತೇನೆ. ನಾಗಮಂಗಲದ ಕಡೆ ನೋಡಿದೆ. ಕೆ.ಆರ್. ಪೇಟೆಯ ಕಡೆ ಒಬ್ಬ ಹೆಂಗಸು ದೂರದಲ್ಲಿ ತಲೆ ಮೇಲೆ ಹುಲ್ಲು ಹೊತ್ತು ಬರುತ್ತಿದ್ದಳು. ಟಿಪ್ಪರ್ ನಿಲ್ಲಿಸಿದೆ. ಅವಳು ರಸ್ತೆಗೆ ಬಂದು, ಮರದ ಕೆಳಗೆ ನಿಂತಿದ್ದ ಗಂಡನ ಮೊಪೆಡ್ಡಿನ ಮೇಲೆ ಹೊರೆ ಹಾಕಿ, ಹಿಂದೆ ಕೂತು ಹೋದಳು. ಗದ್ದೆಯಿಂದ ರಸ್ತೆಗೆ ಐವತ್ತು ಹೆಜ್ಜೆ. ಐವತ್ತು ಹೆಜ್ಜೆಗೆ ಯಾರು ದಣಿಯುತ್ತಾರೆ?

ಒಳ್ಳೆಯದೇ ಆಯಿತು ಅಂತೀರಾ? ಒಳ್ಳೆಯದೇ. ಅವ್ವನ ಕತ್ತಿನ ಹಿಂದೆ ಇವತ್ತಿಗೂ ಒಂದು ಗಂಟು ಇದೆ, ಹೊತ್ತು ಹೊತ್ತು ಆದದ್ದು. ಯಾರ ಕತ್ತಿಗೂ ಅದು ಬೇಡ. ಆದರೆ ಹೊರುವವರೇ ಇಲ್ಲದ ಊರಿನಲ್ಲಿ ಹೊತ್ತೇ ಉಳಿದವಳ ಗತಿ ಏನು? ಇದಕ್ಕೆ ಡಿಕ್ಷನರಿಯಲ್ಲಿ ಏನೂ ಇಲ್ಲ. ನೋಡಿದ್ದೇನೆ.

ನಿಮ್ಮ ಊರಿನ ಕಡೆ ಇನ್ನೂ ತಲೆ ಮೇಲೆ ಹೊರೆ ಹೊತ್ತು ದೂರ ನಡೆಯುವ ದಾರಿ ಒಂದಿದ್ದರೆ ಹೇಳಿ ಕಳಿಸಿ. ಎಷ್ಟು ದೂರವಾದರೂ ಸರಿ. ಕಂಬ ನಾನೇ ತಂದು ನೆಡುತ್ತೇನೆ. ಆದರೆ ಬೇಗ ಹೇಳಿ. ಹೊರೆ ಇನ್ನೂ ಮಂಚದ ಮೇಲಿದೆ. ಹುಲ್ಲು ಒಣಗಿ ಹಗ್ಗ ಸಡಿಲವಾಗಿದೆ. ಅವ್ವ ಗೋಡೆಯ ಕಡೆ ಮುಖ ಮಾಡಿ, ಅದರ ಮೇಲೆ ಒಂದು ಕೈ ಇಟ್ಟು ಮಲಗುತ್ತಾಳೆ.

ಈಗ ನನ್ನ ಹತ್ತಿರ ಇರುವುದು ಎರಡು ಟಿಪ್ಪರ್, ಒಂದು ಟ್ರಾಕ್ಟರ್, ಒಂದು ಹಳೆಯ ವ್ಯಾನು, ಒಂದು ಹಸು, ಎರಡು ಕಂಬ, ಒಂದು ಹೊರೆ ಒಣಹುಲ್ಲು. ಅಡ್ಡಗಲ್ಲು ಇಲ್ಲ.